ಊರಿಗೆ ಉಪಕಾರಿ, ಮನೆಗೆ ಚಂದಾದಾರ

ನಮ್ಮ ಮನೆಯಲ್ಲಿ ದೇಶದ ಆರ್ಥಿಕತೆಯ ಬಗ್ಗೆ ಕಾಳಜಿ ಇರುವುದು ನನಗೊಬ್ಬನಿಗೇ. ನನ್ನಾಕೆಗೆ ಮನೆಯ ಆರ್ಥಿಕತೆಯದ್ದೇ ಚಿಂತೆ. ಅಮ್ಮನಿಗೆ ಸಂಜೆ ಧಾರಾವಾಹಿಯ ಹೊತ್ತಿಗೆ ಕರೆಂಟ್ ಇದ್ದರೆ ದೇಶ ಸುಭಿಕ್ಷವಾಗಿದೆ ಎಂದೇ ಲೆಕ್ಕ. ಮಗಳು ಬೆಂಗಳೂರಿನಲ್ಲಿ ದುಡಿಯುತ್ತಾಳೆ, ತೆರಿಗೆ ಕಟ್ಟುತ್ತಾಳೆ, ಅಷ್ಟರಮಟ್ಟಿಗೆ ದೇಶಕ್ಕೆ ಉಪಯೋಗವಿದೆ. ಆದರೆ ಈ ಸಲ ಜಿಡಿಪಿ ಎಷ್ಟು ಏರಿತಮ್ಮಾ ಎಂದು ಕೇಳಿದರೆ ಫೋನಿನಿಂದ ತಲೆ ಎತ್ತುವುದಿಲ್ಲ. ಹೀಗಾಗಿ ಆ ಭಾರವೆಲ್ಲ ನನ್ನ ಹೆಗಲಿಗೇ ಬಿದ್ದಿದೆ. ಬ್ಯಾಂಕಿನ ನೌಕರಿಯಿಂದ ನಿವೃತ್ತನಾದಾಗಿನಿಂದ ಅದನ್ನು ಸಾಫ್ಟ್‌ವೇರ್ ಕೊಳ್ಳುವ ಮೂಲಕ ಹೊರುತ್ತಾ ಬಂದಿದ್ದೇನೆ.

ನನ್ನ ಬಳಿ ಒಂದು ಆಫೀಸ್ ಸಾಫ್ಟ್‌ವೇರಿನ ವಾರ್ಷಿಕ ಚಂದಾ ಇದೆ. ಆಫೀಸು ಮಾತ್ರ ಇಲ್ಲ. ಪಿಡಿಎಫ್ ತಿದ್ದುವ ಸಾಫ್ಟ್‌ವೇರ್ ಇದೆ. ನನಗೆ ಬರುವ ಪಿಡಿಎಫ್ ಅಂದರೆ ಕರೆಂಟ್ ಬಿಲ್ಲು, ಅದನ್ನು ತಿದ್ದುವಷ್ಟು ಧೈರ್ಯ ನನಗಿಲ್ಲ. ಆ್ಯಂಟಿವೈರಸ್ ಇದೆ. ಕಂಪ್ಯೂಟರಿಗೆ ಯಾವ ಅಪಾಯವೂ ಇಲ್ಲವೆಂದು ಬೆಳಿಗ್ಗೆ ಹೇಳಿ, ಇನ್ನೂ ದುಬಾರಿಯ ಪ್ಲಾನ್ ತೆಗೆದುಕೊಳ್ಳದಿದ್ದರೆ ಅಪಾಯ ತಪ್ಪಿದ್ದಲ್ಲವೆಂದು ಸಂಜೆ ಹೇಳುತ್ತದೆ. ಕ್ಲೌಡ್‌ನಲ್ಲಿ 200 ಜಿಬಿ ಜಾಗ ಬಾಡಿಗೆಗೆ ಹಿಡಿದಿದ್ದೇನೆ. ಅದರೊಳಗೆ ನಿವೃತ್ತ ನೌಕರರ ವಾಟ್ಸ್‌ಆ್ಯಪ್ ಗುಂಪಿನ ಶುಭೋದಯದ ಚಿತ್ರಗಳು, ಗುಲಾಬಿ ಹೂವಿನ ಸಮೇತ, ಅತ್ಯಂತ ಸುರಕ್ಷಿತವಾಗಿವೆ. ಧ್ಯಾನದ ಆ್ಯಪ್ ಒಂದಿದೆ. ಬೆಳಗಿನ ಜಾವ ಅದು ಟಿಬೆಟಿನ ಗಂಟೆ ಬಾರಿಸುತ್ತದೆ, ಅಮ್ಮ ಪಕ್ಕದ ಕೋಣೆಯಲ್ಲಿ ಎದ್ದು ಕೂತು "ಯಾರೋ ಬಂದ್ರು ನೋಡೋ" ಅನ್ನುತ್ತಾಳೆ, ನಾನು ಮುಸುಕೆಳೆದು ಮಲಗುತ್ತೇನೆ.

ಇಷ್ಟನ್ನೂ ಕೊಂಡದ್ದು ನನಗಾಗಿ ಅಲ್ಲ ಎಂಬುದನ್ನು ಊಟದ ಹೊತ್ತಿನಲ್ಲಿ ನಾನು ಸಂಸಾರಕ್ಕೆ ಆಗಾಗ ವಿವರಿಸುತ್ತೇನೆ. ನಮ್ಮ ದೇಶದ ಜಿಡಿಪಿಯಲ್ಲಿ ಹೆಚ್ಚು ಕಡಿಮೆ ಶೇ. 60ರಷ್ಟು ಬರುವುದು ಜನಸಾಮಾನ್ಯರ ಖರ್ಚಿನಿಂದ. ಎಲ್ಲರೂ ಜೇಬು ಬಿಗಿಹಿಡಿದು ಕೂತರೆ ಅಂಗಡಿ ಮುಚ್ಚುತ್ತದೆ, ಕಾರ್ಖಾನೆ ಮುಚ್ಚುತ್ತದೆ. ಒಬ್ಬರ ಖರ್ಚು ಇನ್ನೊಬ್ಬರ ಆದಾಯವಾಗುತ್ತ ಬೆಳೆಯುತ್ತದೆ ಎಂದು ರಿಚರ್ಡ್ ಕಾನ್ ಎಂಬ ಅರ್ಥಶಾಸ್ತ್ರಜ್ಞ 1931ರಲ್ಲೇ ಲೆಕ್ಕ ಹಾಕಿ ತೋರಿಸಿದ್ದನ್ನು ಇನ್ನೊಬ್ಬ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ದೊಡ್ಡ ಸಿದ್ಧಾಂತವಾಗಿ ಬೆಳೆಸಿದ. ಕೈಗೆ ಬಂದ ರೂಪಾಯಿಯಲ್ಲಿ ಜನ 80 ಪೈಸೆ ಖರ್ಚು ಮಾಡುತ್ತಾರೆ ಎಂದಿಟ್ಟುಕೊಳ್ಳಿ. ನನ್ನ 100 ರೂಪಾಯಿ ಅಂಗಡಿಯವನಿಗೆ, ಅವನ 80 ದರ್ಜಿಗೆ, ದರ್ಜಿಯ 64 ತರಕಾರಿಯವಳಿಗೆ, ಹೀಗೆ ಕೂಡುತ್ತ ಹೋದರೆ ಕೊನೆಗೆ 500 ರೂಪಾಯಿ! ಇದಕ್ಕೆ ಗುಣಕ ಎಂದು ಹೆಸರು. ಈ ಮಾತು ಹೇಳುವಾಗ ನನ್ನ ಕೈ ತಾನಾಗಿ ಮೇಲೇಳುತ್ತದೆ, ಸಾರಿನ ಸೌಟು ಕೈಯಲ್ಲಿದ್ದರೆ ಮೇಜಿಗೂ ಒಂದಿಷ್ಟು ಪಾಲು ಹೋಗುತ್ತದೆ.

"ಐನೂರಾ?" ಅಂದಳು ನನ್ನಾಕೆ, ಮೇಜು ಒರೆಸುತ್ತ. "ಅದರಲ್ಲಿ ಒಂದು ರೂಪಾಯಾದ್ರೂ ಸುತ್ತು ಹೊಡ್ಕೊಂಡು ನಮ್ಮನೆಗೆ ವಾಪಸ್ ಬಂದಿದ್ಯೇನ್ರೀ?"

"ಅದು ಹಾಗಲ್ವೇ, ಇದು ದೇಶದ ಲೆಕ್ಕ."

"ಹಾಲಿನವನಿಗೆ ಹೋದ ತಿಂಗಳ ಬಾಕಿ ಇದೆ. ಅವನೇನು ಬೇರೆ ದೇಶದವನಾ?"

ಇಂಥ ಪ್ರಶ್ನೆಗಳಿಗೆ ಕೇನ್ಸ್‌ನಲ್ಲಿ ಉತ್ತರವಿಲ್ಲ ಎಂದುಕೊಂಡಿದ್ದೆ. ಇದೆ, ಅದೂ ಅವಳ ಪರವಾಗಿಯೇ ಇದೆ. ಖರ್ಚು ಸುತ್ತು ಹೊಡೆಯುವಾಗ ದಾರಿಯಲ್ಲಿ ಮೂರು ಕಡೆ ಸೋರುತ್ತದೆಯಂತೆ: ಉಳಿತಾಯ, ತೆರಿಗೆ, ಆಮದು. ಮೊದಲನೆಯದರ ಬಗ್ಗೆ ನನ್ನ ಮೇಲೆ ಯಾವ ಆರೋಪವೂ ಬರಲಾರದು. ಉಳಿದೆರಡರ ಕಥೆ ಹೊರಬಿದ್ದದ್ದು ರಿಸರ್ವ್ ಬ್ಯಾಂಕಿನಿಂದ.

ರಿಸರ್ವ್ ಬ್ಯಾಂಕ್ ನೇರವಾಗಿ ನನ್ನ ಸಂಸಾರಕ್ಕೆ ಕೈಹಾಕಿದ್ದು 2021ರ ಅಕ್ಟೋಬರ್ 1ರಂದು. ಅಲ್ಲಿಯವರೆಗೆ ಚಂದಾ ಹಣ ಕಾರ್ಡಿನಿಂದ ಸದ್ದಿಲ್ಲದೆ ಹೋಗುತ್ತಿತ್ತು, ನಾನೂ ಸದ್ದಿಲ್ಲದೆ ಇರುತ್ತಿದ್ದೆ. ಆವತ್ತಿನಿಂದ ಜಾರಿಗೆ ಬಂದ ನಿಯಮದ ಪ್ರಕಾರ ಹೀಗೆ ತಾನಾಗಿ ಹಣ ಕಡಿತವಾಗುವ 24 ಗಂಟೆ ಮೊದಲೇ ಗ್ರಾಹಕನಿಗೆ ಸಂದೇಶ ಹೋಗಬೇಕು, ಬೇಡವೆಂದರೆ ನಿಲ್ಲಿಸುವ ಅವಕಾಶವೂ ಇರಬೇಕು. ಗ್ರಾಹಕರ ರಕ್ಷಣೆಗೆ ಇದು ಒಳ್ಳೆಯ ನಿಯಮ, ಒಪ್ಪೋಣ. ಆದರೆ ನಮ್ಮದು ಜಂಟಿ ಖಾತೆ, ಅದಕ್ಕೆ ಜೋಡಿಸಿರುವ ಮೊಬೈಲ್ ನಂಬರು ನನ್ನಾಕೆಯದು. ಮನೆಯಲ್ಲೇ ಹಪ್ಪಳ ಮಾಡಿ ಮಾರುವ ಅವಳು ಆರ್ಡರಿಗೆಂದು ಫೋನನ್ನು ಸದಾ ಸೊಂಟದಲ್ಲೇ ಇಟ್ಟುಕೊಂಡಿರುತ್ತಾಳೆ. ಹೀಗಾಗಿ ನಾನು ದೇಶಕ್ಕೆ ಏನು ಕೊಡಲಿದ್ದೇನೆ ಎಂಬುದು ನನಗಿಂತ ಒಂದು ದಿನ ಮೊದಲೇ ಅವಳಿಗೆ ಗೊತ್ತಿರುತ್ತದೆ.

ಆಫೀಸ್ ಚಂದಾದ ಸಂದೇಶ ಬಂದ ದಿನ ಅವಳು ಜಗಳವಾಡಲಿಲ್ಲ. ಬಿಲ್ಲು ತೋರಿಸಿ ಅಂದಳು. ಗುಮಾಸ್ತನಾಗಿದ್ದವನಿಗೆ ಬಿಲ್ಲು ತೋರಿಸಿ ಅಂದರೆ ಮುಗಿಯಿತು, ಎಂಥ ಕೋಪದಲ್ಲಿದ್ದರೂ ಕನ್ನಡಕ ಹುಡುಕುತ್ತೇನೆ. ಪ್ರಿಂಟ್ ತೆಗೆದು ಊಟದ ಮೇಜಿನ ಮೇಲೆ ಹರಡಿದೆವು. ಮೂಲ ಬೆಲೆ 5,000 ರೂಪಾಯಿ. ಸಮಗ್ರ ಜಿಎಸ್‌ಟಿ ಶೇ. 18, ಅಂದರೆ 900. ಒಟ್ಟು 5,900. ಮಾರಿದವರ ವಿಳಾಸ ಸಿಂಗಪುರ.

"ಸಿಂಗಪುರಕ್ಕಾ ಹೋಯ್ತು ದುಡ್ಡು?" ಅಮ್ಮ ಟಿ.ವಿ. ಕಡೆಯಿಂದ ಮುಖ ತಿರುಗಿಸಿದಳು. "ನಿಮ್ಮಪ್ಪ ಮದ್ರಾಸಿಗೂ ಹೋದವರಲ್ಲ ಕಣೋ."

ಜಿಡಿಪಿ ಲೆಕ್ಕ ಹಾಕುವವರು ಜನರ ಖರ್ಚನ್ನು ಕೂಡುತ್ತಾರೆ, ಆಮದನ್ನು ಕಳೆಯುತ್ತಾರೆ. ನನ್ನ 5,900 ಖರ್ಚಿನ ಕಲಮಿಗೆ ಹೋಗಿ ದೇಶದ ಎದೆ ಉಬ್ಬುವಷ್ಟರಲ್ಲಿ, ಅದರೊಳಗಿನ 5,000 ಆಮದಿನ ಕಲಮಿನಿಂದ ಹೊರಗೆ ಹೋಗಿರುತ್ತದೆ. ಉಳಿಯುವುದು ತೆರಿಗೆಯ 900. ಅದಾದರೂ ನಮ್ಮದಲ್ಲವೇ ಎಂದು ನಾನು ಪಟ್ಟು ಹಿಡಿದೆ. ವಿದೇಶದಿಂದ ಆನ್‌ಲೈನಿನಲ್ಲಿ ಮಾರುವವರೂ ಜಿಎಸ್‌ಟಿ ಕಟ್ಟಬೇಕು. ಅದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ಗ್ರಾಹಕ ಇರುವ ರಾಜ್ಯಕ್ಕೆ. ಅಂದರೆ ಕರ್ನಾಟಕಕ್ಕೆ 450 ರೂಪಾಯಿ ಬಂತು! ಕೇಂದ್ರಕ್ಕೆ ಹೋದ 450ರಲ್ಲೂ ನಮಗೆ ಪಾಲಿದೆ. ಆಗ ಜಾರಿಯಲ್ಲಿದ್ದ ಹದಿನೈದನೇ ಹಣಕಾಸು ಆಯೋಗದ ಲೆಕ್ಕದಲ್ಲಿ ರಾಜ್ಯಗಳಿಗೆಲ್ಲ ಸೇರಿ ಶೇ. 41, ಅದರಲ್ಲಿ ಕರ್ನಾಟಕದ್ದು ಶೇ. 3.647 ಇತ್ತು. ಕ್ಯಾಲ್ಕುಲೇಟರ್ ಒತ್ತಿದೆ. ಆರು ರೂಪಾಯಿ ಎಪ್ಪತ್ತಮೂರು ಪೈಸೆ.

"ಆರೂ ಮುಕ್ಕಾಲು ರೂಪಾಯಿ," ಅಂದಳು ನನ್ನಾಕೆ. ಎರಡು ಪೈಸೆ ಮೇಲೆ ಹಾಕಿ ಹೇಳಿದ್ದು ಅವಳ ದೊಡ್ಡ ಗುಣ. "ನಮ್ಮ ಬೀದಿ ಗುಂಡಿಗೆ ಒಂದು ಬಾಂಡ್ಲಿ ಜಲ್ಲಿನೂ ಬರಲ್ಲ. ಅದೇ ಐದು ಸಾವಿರದ ಒಂಬೈನೂರನ್ನ ಹಾಲಿನವನಿಗೆ ಕೊಟ್ಟಿದ್ರೆ?"

ಕೊಟ್ಟಿದ್ದರೆ ಹಾಲಿನ ಡೈರಿಯ ಮೂಲಕ ಅದರ ಬಹುಪಾಲು ಯಾವುದೋ ಹಳ್ಳಿಯ ಹಾಲು ಉತ್ಪಾದಕರ ಸಂಘಕ್ಕೆ, ಅಲ್ಲಿಂದ ಎರಡು ಹಸು ಕಟ್ಟಿದ ಒಬ್ಬ ಹೆಂಗಸಿನ ಕೈಗೆ ಹೋಗುತ್ತಿತ್ತು. ಆಕೆ ಅದನ್ನು ಹಿಂಡಿಗೆ, ಮಗನ ಫೀಸಿಗೆ ಖರ್ಚು ಮಾಡುತ್ತಿದ್ದಳು. ಗುಣಕದ ಚಕ್ರ ತಿರುಗುವುದು ಹಾಗೆ ಎಂಬುದನ್ನು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ಹೆಂಡತಿಗೆ ಅರ್ಥಶಾಸ್ತ್ರ ಹೇಳಿಕೊಡಬಾರದು.

ಆದರೂ ನನ್ನ ಬತ್ತಳಿಕೆಯಲ್ಲಿ ಒಂದು ಬಾಣ ಉಳಿದಿತ್ತು. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ವಿಸ್ತಾ ಎಂಬ ಆಪರೇಟಿಂಗ್ ಸಿಸ್ಟಂ ಬಿಡುಗಡೆಯಾಗುವ ಮುಂಚೆ, 2006ರಲ್ಲಿ, ಐಡಿಸಿ ಎಂಬ ಸಂಸ್ಥೆಯ ಅಧ್ಯಯನವೊಂದು ಬಂದಿತ್ತು. ವಿಸ್ತಾದಿಂದ ಯುರೋಪಿನ ಆರು ದೇಶಗಳಲ್ಲಿ 50,000ಕ್ಕೂ ಹೆಚ್ಚು ಕೆಲಸಗಳು ಹುಟ್ಟುತ್ತವೆ, ಮೈಕ್ರೋಸಾಫ್ಟ್ ಗಳಿಸುವ ಪ್ರತಿ ಒಂದು ಯೂರೋಗೆ ಸುತ್ತಲಿನ ಬೇರೆ ಕಂಪನಿಗಳು ಸುಮಾರು 14 ಯೂರೋ ಗಳಿಸುತ್ತವೆ ಎಂದು ಅದರ ಸಾರಾಂಶ. ಒಂದಕ್ಕೆ ಹದಿನಾಲ್ಕು! ಕೇನ್ಸ್ ಕೂಡ ಇಷ್ಟು ಉದಾರಿಯಾಗಿರಲಿಲ್ಲ. ಮಗಳು ಬಂದಿದ್ದ ಭಾನುವಾರವೇ ಇದನ್ನು ಸಭೆಯ ಮುಂದಿಟ್ಟೆ.

"ಯಾರು ಮಾಡಿಸಿದ್ದಪ್ಪಾ ಆ ಅಧ್ಯಯನ?" ಅಂದಳು ಮಗಳು.

"ಮಾಡಿದ್ದು ಐಡಿಸಿ."

"ಮಾಡಿದ್ದಲ್ಲ, ಮಾಡಿಸಿದ್ದು."

ಮಾಡಿಸಿದ್ದು ಮೈಕ್ರೋಸಾಫ್ಟ್. ಆ ದಿನಗಳಲ್ಲಿ ಕಂಪನಿಗೂ ಯುರೋಪಿಯನ್ ಕಮಿಷನ್ನಿಗೂ ಏಕಸ್ವಾಮ್ಯದ ವಿಚಾರದಲ್ಲಿ ಜಟಾಪಟಿ ನಡೆದಿತ್ತು, 2004ರಲ್ಲೇ 49.7 ಕೋಟಿ ಯೂರೋ ದಂಡ ಬಿದ್ದಿತ್ತು. ಅಂಥ ಹೊತ್ತಿನಲ್ಲಿ, ನಮ್ಮ ಸರಕು ಬಂದರೆ ನಿಮ್ಮೂರಲ್ಲಿ ಕೆಲಸ ಹುಟ್ಟುತ್ತದೆ ಎಂಬ ಮಾತು ಕಂಪನಿಗೆ ಬೇಕೇ ಬೇಕಿತ್ತು.

"ಗಂಡಿನ ಕಡೆಯವರೇ ಬರೆಸ್ಕೊಂಡು ಬಂದ ಜಾತಕ," ಅಂದಳು ನನ್ನಾಕೆ ಅಡುಗೆಮನೆಯಿಂದಲೇ. "ಮೂವತ್ತಾರಕ್ಕೆ ಮೂವತ್ತಾರು ಗುಣ ಕೂಡಿರುತ್ತೆ."

ಮಗಳು ಅರ್ಥಶಾಸ್ತ್ರ ಓದಿದವಳು. ಫೀಸು ಕಟ್ಟಿದವನು ನಾನು; ಆ ದುಡ್ಡು ವ್ಯರ್ಥವಾಗಿಲ್ಲವೆಂದು ಅವಳು ನನ್ನ ವಿರುದ್ಧ ವಾದಿಸಿಯೇ ತೋರಿಸಿಕೊಡುತ್ತಾಳೆ. ಆ 14 ಯೂರೋ ಎಲ್ಲಿಂದ ಬರುತ್ತೆ ಹೇಳು ಅಂದಳು. ಗಿರಾಕಿಯ ಜೇಬಿನಿಂದ ತಾನೇ? ಹೊಸ ಸಾಫ್ಟ್‌ವೇರ್ ಹಳೆಯ ಕಂಪ್ಯೂಟರಿನಲ್ಲಿ ಓಡದ್ದರಿಂದ ಹೊಸ ಕಂಪ್ಯೂಟರು, ಹೊಸ ಮೆಮೊರಿ, ಕೂರಿಸಿ ಕೊಡುವವನಿಗೆ ಸಂಬಳ, ಕಲಿಸುವವನಿಗೆ ಫೀಸು. ಮಾರುವವನ ಕಡೆಯಿಂದ ಎಣಿಸಿದರೆ ಅದು 14 ಯೂರೋ ಲಾಭ, ಕೊಳ್ಳುವವನ ಕಡೆಯಿಂದ ಎಣಿಸಿದರೆ 14 ಯೂರೋ ದಂಡ. ವಿಸ್ತಾ 2007ರ ಜನವರಿಯಲ್ಲಿ ಜನರ ಕೈಗೆ ಬಂತು. ಅದೇ ವರ್ಷ ಏಪ್ರಿಲ್ ಹೊತ್ತಿಗೆ ಡೆಲ್ ಕಂಪನಿ ಗಿರಾಕಿಗಳ ಒತ್ತಾಯಕ್ಕೆ ಮಣಿದು ಕೆಲವು ಮಾದರಿಗಳಿಗೆ ಹಳೆಯ ವಿಂಡೋಸ್ ಎಕ್ಸ್‌ಪಿಯನ್ನೇ ಮತ್ತೆ ಹಾಕಿಕೊಡಲು ಒಪ್ಪಿತು.

ದಂಡದ ಮಾತು ಬಂದಾಗ ಮನೆಯವರೆಲ್ಲ ಒಟ್ಟಿಗೆ ಮೂಲೆಯ ಮೇಜಿನ ಕಡೆ ನೋಡಿದರು. ಅಲ್ಲಿ ನನ್ನ ಹೊಸ ಲ್ಯಾಪ್‌ಟಾಪ್ ಇತ್ತು. ಹಳೆಯದಕ್ಕೆ ಏನೂ ಆಗಿರಲಿಲ್ಲ. ಅದರ ಆಪರೇಟಿಂಗ್ ಸಿಸ್ಟಂ ಮಾಡಿದ ಕಂಪನಿಯವರು ಇನ್ನು ಮುಂದೆ ಭದ್ರತಾ ತಿದ್ದುಪಡಿ ಕಳಿಸುವುದಿಲ್ಲ ಅಂದರು, ಹೊಸ ಆವೃತ್ತಿಯೋ ಹಳೆಯ ಪ್ರೊಸೆಸರಿನ ಮೇಲೆ ಕೂರುವುದಿಲ್ಲ ಅಂದಿತು. ಅಂಗಡಿಗೆ ಹೋದೆ. ಅಲ್ಲಿನ ಹುಡುಗ ನನ್ನ ಲ್ಯಾಪ್‌ಟಾಪನ್ನು ಮುಚ್ಚಳ ತೆರೆದು ನೋಡಿ, "ಅಂಕಲ್, ಇದನ್ನ ಇನ್ನೂ ಇಟ್ಕೊಂಡಿದೀರಾ?" ಅಂದ. ಆ ದನಿಯಲ್ಲಿ ಎಷ್ಟು ಕನಿಕರವಿತ್ತೆಂದರೆ, ನಾನು ಮಾತಿಲ್ಲದೆ ಕಾರ್ಡು ತೆಗೆದೆ. ಹೊಸದರಲ್ಲಿ ಸಿ.ಡಿ. ಹಾಕುವ ಜಾಗವಿಲ್ಲ, ಆದ್ದರಿಂದ ಮಗಳ ನಾಮಕರಣದ ಸಿ.ಡಿ. ನೋಡಲು ಬೇರೆ ಡ್ರೈವ್. ಹಳೆಯ ಪ್ರಿಂಟರಿಗೆ ಹೊಸದಕ್ಕೆ ಹೊಂದುವ ಡ್ರೈವರ್ ಇಲ್ಲ, ಆದ್ದರಿಂದ ಹೊಸ ಪ್ರಿಂಟರು. ಹೊಸ ಪ್ರಿಂಟರಿನ ಇಂಕಿಗೂ ಚಂದಾ ಕಟ್ಟಬಹುದೆಂದು ಆ ಹುಡುಗ ಹೇಳಿದ್ದನ್ನು ಮನೆಯಲ್ಲಿ ನಾನು ಹೇಳಲಿಲ್ಲ.

"ನೋಡಿ, ಅಂಗಡಿ ಹುಡುಗನಿಗೆ ಕಮಿಷನ್ ಸಿಕ್ಕಿತು, ಸಾಗಿಸಿದ ಆಟೋದವನಿಗೆ ಬಾಡಿಗೆ ಸಿಕ್ಕಿತು," ಅಂದೆ.

ಅದಕ್ಕೆ ಮಗಳು 1850ಕ್ಕೆ ಹೋದಳು. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಫ್ರೆಡೆರಿಕ್ ಬಾಸ್ತಿಯಾ ಆ ವರ್ಷ ಬರೆದ ಪ್ರಬಂಧದಲ್ಲಿ ಒಬ್ಬ ಅಂಗಡಿಯವನ ಮಗ ಕಿಟಕಿ ಗಾಜು ಒಡೆಯುತ್ತಾನೆ. ನೆರೆದ ಜನ, ಹೋಗಲಿ ಬಿಡಪ್ಪ, ಗಾಜೇ ಒಡೆಯದಿದ್ದರೆ ಗಾಜು ಕೂರಿಸುವವನ ಗತಿಯೇನು ಎಂದು ಸಮಾಧಾನ ಹೇಳುತ್ತಾರೆ. ಗಾಜಿನವನಿಗೆ ಆರು ಫ್ರಾಂಕ್ ಸಿಕ್ಕಿದ್ದು ಎಲ್ಲರಿಗೂ ಕಾಣುತ್ತದೆ. ಆ ಆರು ಫ್ರಾಂಕಿನಲ್ಲಿ ಅಂಗಡಿಯವನು ಕೊಳ್ಳಬೇಕೆಂದಿದ್ದ ಜೋಡು ಯಾರಿಗೂ ಕಾಣುವುದಿಲ್ಲ. ಗಾಜು ಒಡೆಯದಿದ್ದರೆ ಅವನ ಬಳಿ ಗಾಜೂ ಇರುತ್ತಿತ್ತು, ಜೋಡೂ ಇರುತ್ತಿತ್ತು.

ಅಮ್ಮ ಇಷ್ಟೂ ಹೊತ್ತು ಜಪಮಣಿ ಹಿಡಿದು ಕೂತಿದ್ದವಳು, "ಗಾಜು ಒಡೆದವನ ಬೆನ್ನಿಗೆ ಎರಡು ಬಿಗೀಲಿಲ್ವೇನೇ ಅವರಪ್ಪ?" ಅಂದಳು. ಬಾಸ್ತಿಯಾ ಆ ಬಗ್ಗೆ ಮೌನವಾಗಿದ್ದಾನೆ.

ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕೋಣವೆಂದಿದ್ದೆ. ಮಗಳು ರಾತ್ರಿ ಕೂತು ಅದಕ್ಕೆ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ, ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಅವರಮ್ಮನ ಕೈಗಿಟ್ಟಳು. ಒಂದು ಪೈಸೆ ಖರ್ಚಿಲ್ಲ. ಈಗ ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಜಾಡಿಯ ಪಕ್ಕ, ಅದೇ ಲ್ಯಾಪ್‌ಟಾಪಿನಲ್ಲಿ ಲಿಬ್ರೆಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶ ತೆರೆದು ನನ್ನಾಕೆ ಹಪ್ಪಳ, ಸಂಡಿಗೆ, ಚಟ್ನಿಪುಡಿಯ ಲೆಕ್ಕ ಬರೆಯುತ್ತಾಳೆ. ಯಾರಿಗೆ ಎಷ್ಟು ಕೆ.ಜಿ., ಯಾರ ಬಾಕಿ ಎಷ್ಟು, ಉದ್ದಿನಬೇಳೆ ಯಾವ ತಿಂಗಳು ಯಾವ ದರ, ಎಲ್ಲ ಅದರಲ್ಲಿದೆ. ಲೇಬಲ್ಲುಗಳನ್ನು ಕನ್ನಡದಲ್ಲೇ ಹೊಡೆಯುತ್ತಾಳೆ. ಅದಕ್ಕೆ ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿ ಸರ್ಕಾರ ಉಚಿತವಾಗಿ ಹಂಚಿದ ನುಡಿ ತಂತ್ರಾಂಶದ ಕೀಲಿಮಣೆಗೂ ಅದೇ ಆಧಾರ. ಅದಕ್ಕೂ ಕಾಸಿಲ್ಲ. ದರ ಏರಿದ ತಿಂಗಳು ಯಾವುದೆಂದು ಲೆಕ್ಕದಿಂದ ಗೊತ್ತಾದ ಮೇಲೆ ಬೇಳೆಯನ್ನು ಮುಂಚೆಯೇ ತರಿಸುತ್ತಾಳೆ. ಆರ್ಡರು ಹೆಚ್ಚಿ, ಹಪ್ಪಳ ಲಟ್ಟಿಸಲು ಹಿಂದಿನ ಬೀದಿಯ ಒಬ್ಬ ಹೆಂಗಸನ್ನು ಕೂಲಿಗೆ ಕರೆದುಕೊಂಡಿದ್ದಾಳೆ.

ಇಲ್ಲೇ ನನಗೆ ಸಂಕಟ ಶುರುವಾದದ್ದು. ನಾನು ಕೊಂಡ ಚಂದಾಗಳಿಂದ ಈವರೆಗೆ ಯಾರಿಗೂ ಕೆಲಸ ಸಿಕ್ಕಿಲ್ಲ. ಸಿಗುವುದೂ ಕಷ್ಟ, ಯಾಕೆಂದರೆ ಸಾಫ್ಟ್‌ವೇರಿನ ಇನ್ನೊಂದು ಪ್ರತಿ ಮಾಡಲು ಹೆಚ್ಚುಕಡಿಮೆ ಏನೂ ಖರ್ಚಿಲ್ಲ. ನಾನು ಕೊಂಡೆನೆಂದು ಅಲ್ಲಿ ಯಾರೂ ಒಂದು ಬಟನ್ ಹೆಚ್ಚಿಗೆ ಒತ್ತಬೇಕಿಲ್ಲ. ಹಪ್ಪಳ ಹಾಗಲ್ಲ. ಇನ್ನೊಂದು ಕೆ.ಜಿ. ಬೇಕೆಂದರೆ ಇನ್ನೊಂದು ಕೆ.ಜಿ. ಹಿಟ್ಟು ಬೇಕು, ಲಟ್ಟಿಸುವ ಕೈ ಬೇಕು, ಬಿಸಿಲೂ ಬೇಕು. ಮಳೆಗಾಲದಲ್ಲಿ ನಮ್ಮ ಮನೆಯ ಉತ್ಪಾದನೆ ಕುಸಿಯುವುದನ್ನು ಕೇನ್ಸ್ ಕೂಡ ತಡೆಯಲಾರ.

ದೇಶದ ಲೆಕ್ಕದವರ ನ್ಯಾಯ ಮಾತ್ರ ನನ್ನ ಕಡೆಗಿದೆ. ಅವಳ ಉಚಿತ ಸಾಫ್ಟ್‌ವೇರಿಗೆ ಬೆಲೆಯಿಲ್ಲ, ಆದ್ದರಿಂದ ಜಿಡಿಪಿಯಲ್ಲಿ ಅದು ಸೊನ್ನೆ. ಪಿಡಿಎಫ್ ತಿದ್ದುವ ನನ್ನ ಸಾಫ್ಟ್‌ವೇರನ್ನು ನಾನು ತೆರೆದೇ ಇಲ್ಲ, ಆದರೂ ಅದರ ಬೆಲೆ 'ಬಳಕೆ'ಯ ಕಲಮಿನಲ್ಲಿ ಗೌರವದಿಂದ ಕೂತಿದೆ. ಅದೇ ಸರಕನ್ನು ಕಂಪನಿಯೊಂದು ಕೊಂಡರೆ ಬಂಡವಾಳ ಹೂಡಿಕೆ ಎಂದು ಬರೆಯುತ್ತಾರೆ. ಕೊಂಡ ಮೇಲೆ ಬಳಸಿದಿರಾ ಎಂದು ಯಾವ ಅಂಕಿಅಂಶ ಇಲಾಖೆಯೂ ಮನೆಗೆ ಬಂದು ಕೇಳುವುದಿಲ್ಲ. ಇದನ್ನು ಹೇಳಿ ಗೆದ್ದೆನೆಂದು ಎದೆಯುಬ್ಬಿಸಿದೆ.

"ನಾನು ದಿನಾ ಮಾಡೋ ಅಡುಗೆ ಆ ಲೆಕ್ಕದಲ್ಲಿದೆಯೇನ್ರೀ?" ಅಂದಳು.

ಇಲ್ಲ. ಪಿಗೂ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಎತ್ತಿದ ತಕರಾರಿದು: ಒಬ್ಬ ಸಂಬಳ ಕೊಟ್ಟು ಇಟ್ಟುಕೊಂಡ ಅಡುಗೆಯವಳನ್ನೇ ಮದುವೆಯಾದರೆ ರಾಷ್ಟ್ರೀಯ ಆದಾಯ ಆ ಸಂಬಳದಷ್ಟು ಕಡಿಮೆಯಾಗುತ್ತದೆ, ಅಡುಗೆ ಮಾತ್ರ ಅಷ್ಟೇ ಇರುತ್ತದೆ. ಇದನ್ನು ತಮಾಷೆಗೆಂದು ಹೇಳಿದೆ. ಅವಳು ನಗಲಿಲ್ಲ. "ಹಾಗಾದ್ರೆ ದೇಶದ ಆದಾಯ ಜಾಸ್ತಿ ಆಗ್ಬೇಕು ಅಂದ್ರೆ ನಾಳೆಯಿಂದ ಹೋಟೆಲಲ್ಲಿ ಊಟ ಮಾಡಿ," ಅಂದಳು. ಎರಡು ದಿನ ದೇಶಸೇವೆ ಮಾಡಿದೆ. ಹೊಟ್ಟೆ ಕೆಟ್ಟು ಔಷಧಿ ಅಂಗಡಿಗೂ ಒಂದಿಷ್ಟು ವ್ಯಾಪಾರವಾಯಿತು; ಅದೂ ಜಿಡಿಪಿಗೆ ಸೇರಿದ್ದೇ.

ನನ್ನ ವಾದದಲ್ಲಿ ಹುರುಳೇ ಇಲ್ಲವೆಂದು ಯಾರೂ ತಿಳಿಯಬಾರದು. 1987ರಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ ಕಂಪ್ಯೂಟರ್ ಯುಗ ಎಲ್ಲ ಕಡೆ ಕಾಣುತ್ತದೆ, ಉತ್ಪಾದಕತೆಯ ಅಂಕಿಗಳಲ್ಲಿ ಮಾತ್ರ ಕಾಣುವುದಿಲ್ಲ ಎಂಬರ್ಥದ ಮಾತು ಹೇಳಿ ಎಲ್ಲರನ್ನೂ ಕೆಣಕಿದ್ದ. 1995ರ ನಂತರ ಅಮೆರಿಕದಲ್ಲಿ ಆ ಅಂಕಿಗಳೂ ಏರಿದವು, ಅದರಲ್ಲಿ ಕಂಪ್ಯೂಟರು ಮತ್ತು ಸಾಫ್ಟ್‌ವೇರಿನ ಪಾಲು ದೊಡ್ಡದೆಂದು ಅರ್ಥಶಾಸ್ತ್ರಜ್ಞರು ಒಪ್ಪಿದರು. ಆದರೆ ಏರಿದ್ದು ಕೊಂಡವರಿಂದಲ್ಲ, ಕೊಂಡ ಮೇಲೆ ಕೆಲಸದ ರೀತಿಯನ್ನೇ ಬದಲಿಸಿಕೊಂಡವರಿಂದ. ಗೋದಾಮಿನ ಲೆಕ್ಕ, ಸರಕು ಸಾಗಣೆ, ಬ್ಯಾಂಕಿನ ಶಾಖೆ. ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ ನಾನೇ ಮುಷ್ಕರಕ್ಕೆ ಕೂತಿದ್ದೆ, ಆ ಕಥೆ ಇಲ್ಲಿ ಬೇಡ.

ಇನ್ನೊಂದು ಸಮಾಧಾನವೂ ಉಂಟು. ಭಾರತದಲ್ಲಿ ವಿದೇಶಿ ಕಂಪನಿಗಳ 1,700ಕ್ಕೂ ಹೆಚ್ಚು ತಾಂತ್ರಿಕ ಕೇಂದ್ರಗಳಿವೆ, ಅವುಗಳಲ್ಲಿ ಬೆಂಗಳೂರಿನದೇ ದೊಡ್ಡ ಪಾಲು. ಎದುರು ಮನೆಯವರ ಮಗ ಅಂಥದ್ದೊಂದರಲ್ಲಿ ಇಂಜಿನಿಯರ್. ನನ್ನ 5,000 ಸಿಂಗಪುರಕ್ಕೆ ಹೋಗಿ, ಅಲ್ಲಿಂದ ಇನ್ನೆಲ್ಲಿಗೋ ಹೋಗಿ, ರಫ್ತಿನ ಆದಾಯವಾಗಿ ಬೆಂಗಳೂರಿನ ಬೆಳ್ಳಂದೂರಿಗೆ ಬಂದು ಅವನ ಸಂಬಳದಲ್ಲಿ ಒಂದು ಚೂರಾದರೂ ಸೇರಿರಬಹುದು ಎಂದು ನಾನು ವಾದಿಸಿದೆ.

"ಅಷ್ಟು ಸುತ್ತಾಡಿಸೋದ್ಯಾಕೆ? ಈ ಭಾನುವಾರ ಬರ್ತಾನೆ, ಕೈಯಲ್ಲೇ ಕೊಟ್ಬಿಡಿ," ಅಂದಳು ನನ್ನಾಕೆ. ಆ ಹುಡುಗನನ್ನೇ ಕೇಳಿದೆ, ನೀವು ಮಾಡುವ ಸಾಫ್ಟ್‌ವೇರನ್ನು ನೀನು ದುಡ್ಡು ಕೊಟ್ಟು ಕೊಂಡಿದ್ದೀಯೇನಪ್ಪಾ ಎಂದು. "ಇಲ್ಲ ಅಂಕಲ್, ಆಫೀಸಿಂದ ಫ್ರೀ ಕೊಡ್ತಾರೆ," ಅಂದು ನಾಲ್ಕು ಕೆ.ಜಿ. ಹಪ್ಪಳ ಕಟ್ಟಿಸಿಕೊಂಡು ಹೋದ. ನಗದು ಕೊಟ್ಟ.

ಹೀಗಾಗಿ ನಮ್ಮ ಮನೆಯ ಮಟ್ಟಿಗೆ ತೀರ್ಪು ಬಂದಿದೆ. ಹಪ್ಪಳದ ಲೆಕ್ಕ ಇಡುವ ಸಾಫ್ಟ್‌ವೇರಿಗೆ ನಾಳೆ ದುಡ್ಡು ಕೇಳಿದರೂ ಕೊಡತಕ್ಕದ್ದು; ಶುಭೋದಯದ ಗುಲಾಬಿಗಳಿಗೆ ಕ್ಲೌಡ್‌ನಲ್ಲಿ ಬಾಡಿಗೆ ಕಟ್ಟತಕ್ಕದ್ದಲ್ಲ. ಆ್ಯಂಟಿವೈರಸ್ ಬಗ್ಗೆ ವಿಚಾರಣೆ ಮುಂದುವರಿದಿದೆ. ಧ್ಯಾನದ ಆ್ಯಪನ್ನು ಅಮ್ಮನೇ ಉಳಿಸಿದಳು, ಆ ಗಂಟೆಗೆ ಎದ್ದರೆ ಹಾಲಿನವನು ಸಿಗುತ್ತಾನಂತೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಫೋನಿನ ಯುಪಿಐ ಆ್ಯಪಿನೊಳಗೆ ಆಟೋಪೇ ಎಂಬ ಒಂದು ಪುಟ ಇರುತ್ತದೆ. ಇವತ್ತು ರಾತ್ರಿ ಊಟವಾದ ಮೇಲೆ, ಮನೆಯವರು ಪಕ್ಕದಲ್ಲಿಲ್ಲದಾಗ, ಅದನ್ನೊಮ್ಮೆ ತೆರೆದು ನೋಡಿ. ಬಳಸುತ್ತಿರುವುದನ್ನು ಉಳಿಸಿಕೊಳ್ಳಿ, ಉಳಿದದ್ದನ್ನು ರದ್ದು ಮಾಡಿ. ರದ್ದು ಮಾಡುವುದಕ್ಕೆ ಶುಲ್ಕವಿಲ್ಲ, ಜಿಎಸ್‌ಟಿಯೂ ಇಲ್ಲ.